ಎರಡನೇ ಸಲ ಇಟ್ಟ ಹೆಸರು

ನನ್ನ ಮೊಮ್ಮಗಳು ಇವತ್ತು ನನ್ನ ದನಿಗೆ ತಿರುಗಿ ನೋಡಿದಳು! ಬೆನ್ನ ಹಿಂದೆ ನಿಂತು ಬರೀ ಹೆಸರು ಹಿಡಿದು ಕರೆದೆ... ತಿರುಗಿದಳು. ಅದೇ ಹೊತ್ತಿಗೆ ಎದುರಿನ ಮೋಟಾರು ರಿಪೇರಿ ಅಂಗಡಿಯಿಂದ ಬೆಸುಗೆಯ ವಾಸನೆ ಬಂತು. ಸವಣೂರಿನ ರೇಡಿಯೋ ಅಣ್ಣಾರು ನೆನಪಾಗಿ ಹೊಸ್ತಿಲ ಮೇಲೆಯೇ ಕೂತುಬಿಟ್ಟೆ.

ಅವರು ನನ್ನ ತವರಿನ ನೆರೆಯವರು. ಮೊದಲು ರೇಡಿಯೋ ರಿಪೇರಿ. ಆಮೇಲೆ, ಹೊಲದ ಮೋಟಾರನ್ನು ಮನೆಯಿಂದಲೇ ಫೋನಿನಲ್ಲಿ ಚಾಲೂ ಮಾಡುವ ಪೆಟ್ಟಿಗೆ ಕಂಡುಹಿಡಿದರು. ಹಾನಗಲ್ಲು, ಹಿರೇಕೆರೂರಿನ ರೈತರೆಲ್ಲ ಅದನ್ನೇ ಕೇಳಿ ಒಯ್ದರು. ಹುಬ್ಬಳ್ಳಿಯಲ್ಲಿ ಕಾರ್ಖಾನೆ ಆಯಿತು, ಕಾರು ಬಂತು. ಕೂದಲು ಬೆಳ್ಳಗಾದ ಮೇಲೆ ಎಲ್ಲ ಮಾರಿ ಬಂದು, ಶಿಗ್ಗಾಂವಿಯಲ್ಲಿ ಕಿವಿ ಕೇಳದ ಮಕ್ಕಳಿಗೆಂದು ಪುಕ್ಕಟೆ ಆಸ್ಪತ್ರೆ ತೆರೆದರು.

"ಅಣ್ಣಾರ, ಕಾರ್ಖಾನಿ ಮಾರಿ ಕಿವಿ ಹಂಚಾಕತ್ತಾರಂತ ಪ್ಯಾಟ್ಯಾಗ ನಗ್ತಾರ್ರಿ," ಅಂದಿದ್ದೆ.

"ನಗಲಿ ಬಿಡ ತಂಗಿ. ಅವ್ರು ನಗೋದು ನನಗ ಕೇಳಸ್ತೈತಲ್ಲ!"

ಊರಿನ ರೇಡಿಯೋಗಳನ್ನೆಲ್ಲ ಮಾತಾಡಿಸಿದವರ ತಾಯಿಗೆ ಒಂದೂ ಕೇಳಿಸುತ್ತಿರಲಿಲ್ಲ. ಆಕೆ ರೇಡಿಯೋ ಮೇಲೆ ಅಂಗೈ ಇಟ್ಟುಕೊಂಡು, ಅದರ ನಡುಕವನ್ನೇ ಹಾಡೆಂದುಕೊಂಡು ಕೂತಿರುತ್ತಿದ್ದರು...

ನಮ್ಮ ಕೂಸಿಗೂ ಹುಟ್ಟಿನಿಂದ ಕಿವಿ ಮಂದ. ಮಗ, ಸೊಸೆ ದುಡಿಯಲು ಹೋಗುವವರು. ಹತ್ತಿಮತ್ತೂರಿನಿಂದ ಬಸ್ಸಿನಲ್ಲಿ ಆ ಆಸ್ಪತ್ರೆಗೆ ನಾನೇ ಒಯ್ಯುತ್ತಿದ್ದೆ. ಕಿವಿಗೆ ಯಂತ್ರ ಹಾಕಿಸಿ ತಿಂಗಳುಗಳಾದರೂ ಕೂಸು ಯಾವ ಸಪ್ಪಳಕ್ಕೂ ತಿರುಗಲಿಲ್ಲ. ಒಂದು ದಿನ ನನಗೆ ಸಾಕಾಗಿಹೋಯಿತು.

"ತೊಟ್ಟಿಲಕ್ಕ ಹಾಕಿದ ದಿನಾ ಹಿಂಗ ಇತ್ರಿ. ಸೋದರತ್ತಿ ಕಿವ್ಯಾಗ ಕುರ್ರ್ ಅಂತ ಕೂಗಿ ಹೆಸರು ಹೇಳಿದ್ಲು. ಹೆಣ್ಮಕ್ಕಳು ಪದ್ಧತಿಯಂಗ ಅತ್ತಿ ಬೆನ್ನಿಗೆ ಧಬಧಬ ಗುದ್ದಿದ್ರು. ಕೂಸು ಮಿಸುಕಲಿಲ್ಲ. ಇನ್ನ ಬರೂದಿಲ್ರಿ ಅಣ್ಣಾರ, ದಣದೇನಿ."

ಅವರೂ ದಣಿದಿದ್ದರು. ಮಾತಿನ ನಡುವೆ ಉಸಿರು ಹಿಡಿಯುತ್ತಿತ್ತು. "ಆ ಹೆಸರು ಅದಕ್ಕ ಮುಟ್ಟಿಲ್ಲ ತಂಗಿ. ಕೇಳಿಸಿದ ದಿನಾ ಮತ್ತ ಹೆಸರಿಡ್ರಿ. ನನ್ನೂ ಕರೀರಿ, ಗುದ್ದಾಕ ಬರ್ತೇನಿ. ಅಲ್ಲೀತನಕ ಮಾತಾಡೋದು ಬಿಡಬ್ಯಾಡ."

ಬಿಡಲಿಲ್ಲ. ರೊಟ್ಟಿ ಬಡಿಯುವಾಗ, ಕಸ ಗುಡಿಸುವಾಗ, ಅದರೊಡನೆ ಒಬ್ಬಳೇ ಮಾತಾಡಿದೆ. ಈ ನಡುವೆ, ಹೋದ ಚಳಿಗಾಲದಲ್ಲಿ ಅಣ್ಣಾರು ತೀರಿಕೊಂಡರು...

ಇವತ್ತು ಸಂಜೆ ಕೂಸಿನ ಸೋದರತ್ತೆಯಾದ ಮಗಳನ್ನು, ಓಣಿಯ ಹೆಣ್ಣುಮಕ್ಕಳನ್ನು ಕರೆಸಿದೆ. ತೊಟ್ಟಿಲಿಗೆ ಹಿಡಿಸದಷ್ಟು ಬೆಳೆದ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡೆವು. ಸೋದರತ್ತೆ ಬಾಗಿ ಕುರ್ರ್ ಎಂದಳು. ಕೂಸು ಬೆಚ್ಚಿ ಅವಳ ಮುಖ ನೋಡಿ, ನಕ್ಕಿತು. "ಸಾವಕಾಶ ಗುದ್ರೇ, ಬೆನ್ನು ಮುರೀತು!" ಅಂತ ಮಗಳು ಕೂಗುತ್ತಿದ್ದರೂ ಯಾರೂ ಬಿಡಲಿಲ್ಲ. ಅಣ್ಣಾರ ಪಾಲಿನದನ್ನು ನಾನೇ ಗುದ್ದಿದೆ. ಗುದ್ದಿ ಕಣ್ಣೀರು ಹಾಕಿದೆ.

ಆಮೇಲೆ ಗೋಧಿ ಹುಗ್ಗಿ ಬಡಿಸಿಕೊಂಡು ಎಲ್ಲರೂ ಊಟಕ್ಕೆ ಕೂತೆವು. ಸೌಟು ಪಾತ್ರೆಗೆ ತಗಲಿದಾಗಲೆಲ್ಲ ಕೂಸು ಆ ಕಡೆ ತಿರುಗುತ್ತಿತ್ತು. ಅದನ್ನು ಕಂಡು ಮಗ ಬೇಕಂತಲೇ ತಾಟು ಬಡಿದ.

"ಸುಮ್ಮ ಕುಂಡ್ರೋ, ಅದು ಉಣ್ಣಲಿ," ಎಂದು ಬೈದೆ. ಬೈದು, ನಾನೂ ಒಮ್ಮೆ ಬಡಿದೆ.