ಪಕ್ಕದ ಮನೆಯ ಪ್ಯಾರಾಚೂಟ್ ಅಕ್ಕ

ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಇಂಜಿನಿಯರ್. ಬಾಹ್ಯಾಕಾಶಕ್ಕೆ ಹೋದವರನ್ನು ವಾಪಸ್ ಮೆಲ್ಲಗೆ ಕೆಳಗಿಳಿಸುವ ಪ್ಯಾರಾಚೂಟುಗಳ ಕೆಲಸ ಅವಳದು. "ಇದು ಕೈಕೊಟ್ರೆ?" ಅನ್ನುವುದು ಅವಳ ಬಾಯಿಗೆ ಅಂಟಿಕೊಂಡ ಮಾತು. ಹಾಸನದ ಬಸ್ಸಿಗೆ ಕಾಯುವಾಗಲೂ ಅದು ಬರದಿದ್ದರೆ ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ಮೊದಲೇ ಕೇಳಿಟ್ಟುಕೊಳ್ಳುತ್ತಿದ್ದಳು.

ಒಮ್ಮೆ ಕಾಲು ಮುರಿದುಕೊಂಡು ರಜೆಯ ಮೇಲೆ ಊರಿಗೆ ಬಂದಿದ್ದಾಗ, ಅವಳ ತಂಡದ ಪ್ಯಾರಾಚೂಟ್ ಪರೀಕ್ಷೆಯೊಂದು ಟಿವಿಯಲ್ಲಿ ನೇರವಾಗಿ ಬಂತು. ನಮ್ಮ ಮನೆಯಲ್ಲೇ ಕೂತು ನೋಡಿದಳು. ವಿಮಾನದಿಂದ ಕೆಳಗೆ ಬಿಟ್ಟ ಗಗನನೌಕೆಗೆ ಮೂರು ದೊಡ್ಡ ಪ್ಯಾರಾಚೂಟುಗಳಿದ್ದವು. ಎರಡೇ ಬಿಚ್ಚಿಕೊಂಡವು.

"ಅಯ್ಯೋ ಮಗಾ, ಒಂದು ಬಿಚ್ಕಳ್ನೇ ಇಲ್ವಲ್ಲ!" ಎಂದು ಅಮ್ಮ ಎದೆ ಹಿಡಿದುಕೊಂಡಳು.

"ನಾವೇ ಕಟ್ಟಾಕಿರೋದು ಕಣ್ ದೊಡ್ಡಮ್ಮ. ಒಂದು ಕೈಕೊಟ್ರೆ ಇನ್ನೆರಡು ತಡೀತವಾ ಅಂತ ನೋಡ್ಬೇಕಲ್ಲ," ಅಂದಳು ಅಕ್ಕ. ದನಿ ಸಮಾಧಾನವಾಗಿಯೇ ಇತ್ತು. ಆದರೆ ಕಣ್ಣು ಟಿವಿ ಬಿಟ್ಟು ಕದಲಲಿಲ್ಲ.

ನೌಕೆ ನೆಟ್ಟಗೆ ಇಳಿಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಮ್ಮ ಅಡುಗೆಮನೆಗೆ ಓಡಿಹೋಗಿ ಒಂದು ಚಿಟಿಕೆ ಸಕ್ಕರೆ ತಂದು ಅವಳ ಅಂಗೈಗೆ ಹಾಕಿದಳು.

"ಬಾಯ್ಗಾಕ್ಕೋ ಮಗಾ, ಗೆದ್ಬುಟ್ರಲ್ಲ!"

"ಇವತ್ತು ಒಳಗೆ ಯಾರೂ ಇರ್ನಿಲ್ಲ ದೊಡ್ಡಮ್ಮ," ಅಂದಳು ಅಕ್ಕ. "ಮುಂದೆ ಜನ ಕೂತ್ಕತಾರೆ."

ಬಾಯಿಗೆ ಹಾಕಿಕೊಳ್ಳಲಿಲ್ಲ; ಅಮ್ಮನಿಗೆ ಬೇಜಾರಾಗಬಾರದೆಂದು ಸಕ್ಕರೆಯ ಮೇಲೆ ಮುಷ್ಟಿ ಮುಚ್ಚಿಕೊಂಡಳು. ಎದ್ದು ಹೋಗುವಾಗ ಊರುಗೋಲು ಹಿಡಿಯಲು ಕೈ ಬಿಚ್ಚಿದಳು. ಸಕ್ಕರೆಯೆಲ್ಲ ಬೆವರಿಗೆ ಕರಗಿಹೋಗಿತ್ತು.