ಬ್ಯಾಳಿಯ ಮೇಲೆ ಬಂದ ಅಪವಾದ

ಆಳಂದದ ಅಡತಿ ಅಂಗಡಿಯ ಮಲ್ಲಣ್ಣನಿಗೆ ಇಬ್ಬರು ಗುರುಗಳು. ಒಬ್ಬರು ಸಕ್ಕರೆ ಕಾಯಿಲೆಯ ಡಾಕ್ಟರ್, ಇನ್ನೊಬ್ಬ ಮೊಬೈಲ್ ವಿಡಿಯೋದಲ್ಲಿ ಮಾತಾಡುವವ. ಗುಳಿಗೆ ನುಂಗು, ರೊಟ್ಟಿ ಕಡಿಮೆ ಮಾಡು, ದಿನಾ ನಡೆ ಎಂದು ಡಾಕ್ಟರ್ ಹೇಳಿದರೆ, ಕಾಳುಕಡಿಯೇ ವಿಷ, ಬರೀ ಮಾಂಸ ತಿಂದರೆ ಸಕ್ಕರೆ ಓಡಿಹೋಗುತ್ತದೆ ಎಂದು ಮೊಬೈಲ್‌ನವ ಹೇಳುತ್ತಿದ್ದ. ದಿನವಿಡೀ ತೊಗರಿ, ಜೋಳ ಮಾರುವ ಮನುಷ್ಯ ಇದನ್ನು ತೊಗರಿ ಚೀಲದ ಮೇಲೆ ಕೂತೇ ಕೇಳುತ್ತಿದ್ದ. ಮಲ್ಲಣ್ಣ ದಡ್ಡನಲ್ಲ, ಮೈಗಳ್ಳ. ನಡೆಯುವುದಕ್ಕಿಂತ ನಂಬುವುದು ಸುಲಭ ಅಂತ ನಂಬಿದ.

ಆದರೆ ಅವನು ಲಿಂಗವಂತ. ತತ್ತಿಯ ಹೆಸರೆತ್ತಿದರೆ ಹೆಂಡತಿ ಸುಂದರಬಾಯಿ ಕಿವಿ ಮುಚ್ಚಿಕೊಳ್ಳುವಾಕೆ. ಹಾಗಾಗಿ ಕೊರಳಿನ ಲಿಂಗ ತೆಗೆದು ಗಲ್ಲಾದಲ್ಲಿಟ್ಟು, ಮಧ್ಯಾಹ್ನ ಗೋಣಿಚೀಲದ ವ್ಯಾಪಾರಿ ಗೌಸಮೊಹಿದ್ದೀನನ ಮನೆಗೆ ಉಣ್ಣಲು ಹೋಗುತ್ತಿದ್ದ. ಮೊದಲ ದಿನ ಲಿಂಗಕ್ಕೆ ಕೈಮುಗಿದು ತಪ್ಪಾಯಿತು ಅಂದ. ಬರಬರುತ್ತ ಅದೂ ನಿಂತಿತು, ನಿಂತದ್ದೇ ಅವನಿಗೆ ಹೆಚ್ಚು ಚುಚ್ಚಿತು. ಸುಂದರಬಾಯಿ ಕಟ್ಟಿಕೊಟ್ಟ ರೊಟ್ಟಿ, ಗಟ್ಟಿ ತೊಗರಿ ಬ್ಯಾಳಿ ಹಮಾಲರ ಪಾಲು. ಖಾಲಿ ಡಬ್ಬಿ ನೋಡಿ ಆಕೆ ಹಿಗ್ಗಿ ಮರುದಿನ ಇನ್ನಷ್ಟು ಬ್ಯಾಳಿ ಹಾಕುತ್ತಿದ್ದಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ಸಂಜೆ ಮಲ್ಲಣ್ಣ ಬಾಯಿಯ ವಾಸನೆ ಹೋಗಲೆಂದು ಬಡೇಸೋಪು ಅಗಿಯುತ್ತ ಹೆಂಡತಿಯಿಂದ ಮಾರು ದೂರ ಕೂಡುತ್ತಿದ್ದ.

“ಮಲ್ಲಣ್ಣ, ಭಾಬಿಗೆ ಹೇಳಿ ತಿನ್ನು ಮಾರಾಯಾ. ನಿನಗ ಉಣಿಸೋದು ನಮಗ ಖುಷಿನೇ. ಮುಚ್ಚಿಟ್ಟು ಉಣಿಸೋದು ಸರಿ ಕಾಣವಲ್ದು,” ಅಂದ ಗೌಸಮೊಹಿದ್ದೀನ.

“ಹೇಳ್ತೇನಿ, ಸಕ್ಕರಿ ಇಳೀಲಿ.”

ಸಕ್ಕರೆ ಇಳಿದದ್ದು ಸುಳ್ಳಲ್ಲ. ಆದರೆ ಅಷ್ಟರಲ್ಲಿ ಸುಂದರಬಾಯಿ ಓಣಿಗೆಲ್ಲ ತನ್ನ ಬ್ಯಾಳಿಯ ಗುಣ ಸಾರಿಬಂದಿದ್ದಳು. ಮಲ್ಲಣ್ಣ ಹೇಳುವುದನ್ನು ಮತ್ತೆ ಮುಂದೂಡಿದ.

ಆಮೇಲೆ ಕಾಲಿನ ಹೆಬ್ಬೆರಳು ಕೆಂಪಗೆ ಊದಿತು. ಚಾದರ ತಾಗಿದರೂ ಜೀವ ಹೋಗುವಷ್ಟು ನೋವು. ಗಂಡಹೆಂಡತಿ ಇಬ್ಬರೂ ಡಾಕ್ಟರ್ ಹತ್ತಿರ ಹೋದರು.

“ಯೂರಿಕ್ ಆಸಿಡ್ ಭಾಳ ಏರ್ಯದ, ಕಿಡ್ನಿಗೂ ಭಾರ ಬಿದ್ದದ. ಮಾಂಸ ಏನರ ತಿಂತೀರೇನ್ರಿ?” ಡಾಕ್ಟರ್ ರಿಪೋರ್ಟ್ ನೋಡುತ್ತ ಕೇಳಿದರು.

ಮಲ್ಲಣ್ಣ ತಡವರಿಸುವಷ್ಟರಲ್ಲಿ ಸುಂದರಬಾಯಿಯೇ, “ಶಿವ ಶಿವ, ನಮ್ಮದು ಲಿಂಗವಂತರ ಮನಿ ರೀ. ತತ್ತಿ ಸುದ್ದಾ ಒಳಗ ಬರಂಗಿಲ್ಲ. ಲಿಂಗ ಮುಟ್ಟಿ ಹೇಳ್ತೇನಿ,” ಅಂದಳು. ಸೆರಗಿನೊಳಗೆ ಕೈ ಹಾಕಿ ಮುಟ್ಟಿಯೂ ಬಿಟ್ಟಳು. ಮಲ್ಲಣ್ಣ ನೆಲ ನೋಡಿದ.

“ಹಂಗಾದ್ರ ಬ್ಯಾಳಿ ಹೆಚ್ಚಾಗಿರಬೇಕು. ಸ್ವಲ್ಪ ದಿನ ಬಿಡ್ರಿ,” ಅಂದರು ಡಾಕ್ಟರ್.

ಮನೆಗೆ ಬಂದವಳೇ ಆಕೆ ಬ್ಯಾಳಿ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಊಟಕ್ಕೆ ಕೂತಾಗ ಆಕೆಯ ತಾಟಿನಲ್ಲೂ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಮಾತ್ರ.

“ನನ್ನ ಕೈಲೇ ನಿಮ್ಮ ಕಾಲು ಕೆಡಿಸಿದೆ. ಇನ್ನ ನನಗೂ ಬ್ಯಾಳಿ ಬ್ಯಾಡ,” ಅನ್ನುತ್ತ ಕಣ್ಣೊರೆಸಿಕೊಂಡಳು.

ಮಲ್ಲಣ್ಣ ತಾಟು ಸರಿಸಿ ಎಲ್ಲ ಹೇಳಿದ. ಗೌಸಮೊಹಿದ್ದೀನನ ಮನೆಯ ಊಟ, ಹಮಾಲರು ಉಂಡ ಡಬ್ಬಿ, ಗಲ್ಲಾದಲ್ಲಿಟ್ಟ ಲಿಂಗ, ಯಾವುದನ್ನೂ ಬಿಡಲಿಲ್ಲ. ಸುಂದರಬಾಯಿ ಎದ್ದು ಬ್ಯಾಳಿ ಡಬ್ಬಿಯನ್ನು ಅಟ್ಟದಿಂದ ಕೆಳಗಿಳಿಸಿದಳು. ಅದನ್ನು ನೋಡಿ ಅವನು, “ಡಾಕ್ಟರ್ ಮುಂದ ನಾ ಏನೂ ಸುಳ್ಳ ಹೇಳಿಲ್ಲ,” ಎಂದು ಗೊಣಗಿದ.

“ಹೌದ್ರಿ, ನೀವು ಹೇಳಿಲ್ಲ,” ಅಂದಳು ಆಕೆ. “ನನ್ನ ಕಡಿಂದ ಹೇಳ್ಸಿದ್ರಿ, ಲಿಂಗ ಮುಟ್ಟಿಸಿ.”