ನಶ್ಯದ ಡಬ್ಬಿಯ ಅಳತೆ

ಪಕ್ಕದ ಮನೆಯವರು ಗಿಡಗಳ ಗೊಬ್ಬರಕ್ಕೆಂದು ಹೊಂಗೆ ಹಿಂಡಿ ನೆನೆಹಾಕಿದ್ದಾರೆ. ನಾಲ್ಕು ದಿನದಿಂದ ನಮ್ಮ ಹಿತ್ತಲ ಕಡೆಯ ಕಿಟಕಿ ತೆರೆಯುವ ಹಾಗಿಲ್ಲ. ನನ್ನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅತ್ತ ಓಡಾಡುತ್ತಾಳೆ. ಕೊಳೆತ ಹಿಂಡಿಯ ವಾಸನೆ ಯಾರಿಗೂ ಹಿತವಲ್ಲ, ನನಗೂ ಅಲ್ಲ. ಆದರೆ ನಿನ್ನೆ ಬೆಳಿಗ್ಗೆ ಪತ್ರಿಕೆ ಹಿಡಿದು ಕುಳಿತಿದ್ದಾಗ ಅದು ಗಾಳಿಯಲ್ಲಿ ತೇಲಿ ಬಂತು. ಸ್ವಲ್ಪ ಹೊತ್ತಾದ ಮೇಲೆ ನೋಡಿಕೊಂಡರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ... ಎದ್ದು ಹೋಗಿ ಟ್ರಂಕಿನ ತಳದಿಂದ ಹಳೆಯ ದಿನಚರಿಯನ್ನು ತೆಗೆದೆ.

ಆ ದಿನಚರಿ ಸ್ವಾತಂತ್ರ್ಯ ಬಂದ ಮರುವರ್ಷದ್ದು. ಆಗ ನಾನು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಕಂಡ ಕಂಡ ಕೆಲಸಕ್ಕೆಲ್ಲ ಅರ್ಜಿ ಹಾಕಿಕೊಂಡು ಬಸವನಗುಡಿಯ ಮನೆಯಲ್ಲಿದ್ದೆ. ನೆನಪನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ನನ್ನ ತಪ್ಪುಗಳ ವಿಷಯದಲ್ಲಂತೂ ಅದು ನನ್ನ ಕಡೆಯೇ ವಾಲುತ್ತದೆ. ಆದ್ದರಿಂದ ದಿನಚರಿಯಲ್ಲಿ ಇರುವುದು ಯಾವುದು, ಬರೀ ತಲೆಯಲ್ಲಿ ಉಳಿದಿರುವುದು ಯಾವುದು ಎಂದು ನೋಡಿಕೊಂಡೇ ಬರೆಯಲು ಹೊರಟಿದ್ದೇನೆ.

ನಮ್ಮ ಬಡಾವಣೆಯ ಸಂಘದವರು ಆ ವರ್ಷ ಮನೆಯಂಗಳದಲ್ಲಿ ಹೂವು ತರಕಾರಿ ಬೆಳೆಸುವವರಿಗಾಗಿ ಭಾನುವಾರದ ತರಗತಿ ಶುರುಮಾಡಿದ್ದರು. ರೇಷನ್ನಿನ ಕಾಲ. ಅಕ್ಕಿಗೆ ಸಾಲು ನಿಲ್ಲುವವರು ಸೇವಂತಿಗೆ ಬೆಳೆಸುವುದಕ್ಕೂ ಪಾಠ ಹೇಳಿಸಿಕೊಳ್ಳುತ್ತಾರಲ್ಲ ಎಂದು ನಮ್ಮ ತಂದೆ ನಗುತ್ತಿದ್ದರು. ಆದರೂ ಸಂಘದ ಕಾಂಪೌಂಡಿನ ಸಂಪಿಗೆ ಮರದ ಕೆಳಗೆ ಇಪ್ಪತ್ತೈದು ಮೂವತ್ತು ಹೆಂಗಸರು, ನಾಲ್ಕೈದು ಜನ ಪೆನ್ಷನ್ ಪಡೆದ ಗಂಡಸರು ತಪ್ಪದೆ ಸೇರುತ್ತಿದ್ದರು. ಕಲಿಸಲು ಬರುತ್ತಿದ್ದವರು ಸರ್ಕಾರಿ ತೋಟವೊಂದರಲ್ಲಿ ಮೂವತ್ತು ವರ್ಷ ಮಾಲಿಯಾಗಿದ್ದು ನಿವೃತ್ತರಾದವರು. ತೋಟದವರು ಕೊಟ್ಟಿದ್ದ ಖಾಕಿ ಕೋಟು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ಬರೆದು, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿಗಳನ್ನು ತೆಗೆಸಿ, ಮನೆಮನೆಗೆ ಚೀಟಿ ಹಂಚುವ ಕೆಲಸ ನನ್ನದು.

ಮೊದಲ ವಾರ ಎಲ್ಲರೂ ಅವರನ್ನು 'ಮಾಲಿ' ಎಂದೇ ಕರೆದರು. 'ಏನಪ್ಪಾ ಮಾಲಿ, ನಮ್ಮ ಮಲ್ಲಿಗೆಗೆ ಏನಾಗಿದೆ ನೋಡು' ಎಂಬ ಧಾಟಿ. ಅವರು ಮರಕ್ಕೆ ಒರಗಿ ನಿಂತೇ ಪಾಠ ಮಾಡಿದರು. ಎರಡನೆಯ ವಾರವೋ ಮೂರನೆಯ ವಾರವೋ, ನಮ್ಮ ರಸ್ತೆಯ ಮೂಲೆಮನೆಯ ಅಮ್ಮ ಒಂದು ಬಾಡಿದ ಗುಲಾಬಿ ಕುಂಡವನ್ನು ಹೊರಿಸಿಕೊಂಡು ಬಂದರು. ಅವರ ಯಜಮಾನರು ಅಮಲ್ದಾರರಾಗಿದ್ದವರು. ಬಡಾವಣೆಯಲ್ಲಿ ಆಕೆಯ ಮಾತಿಗೆ ಎದುರಿರಲಿಲ್ಲ.

"ಯಾಕೋ ಸೊರಗ್ತಾ ಇದೆ ಕಣಪ್ಪ."

"ದಿನಕ್ಕೆ ಎಷ್ಟು ಸಲ ನೀರು ಹಾಕ್ತೀರಿ ತಾಯಿ?"

"ಬೆಳಿಗ್ಗೆ ನಾನು ಹಾಕ್ತೀನಿ. ಮಧ್ಯಾಹ್ನ ನಮ್ಮತ್ತೆ. ಸಂಜೆ ಇವರು ಸಂಧ್ಯಾವಂದನೆ ಮುಗಿಸಿ ಒಂದು ಚೊಂಬು."

"ಹಂಗಾದ್ರೆ ಇದು ಸೊರಗಿಲ್ಲ ತಾಯಿ, ಈಜ್ತಾ ಇದೆ. ಪಾಪ, ಕೈಕಾಲು ಸೋತೈತೆ."

ಮೂಲೆಮನೆ ಅಮ್ಮನೇ ಮೊದಲು ನಕ್ಕರು. ಹದಿನೈದು ದಿನದಲ್ಲಿ ಗುಲಾಬಿ ಚಿಗುರಿತು. ಮುಂದಿನ ತರಗತಿಯಲ್ಲಿ ಆಕೆ ಎಲ್ಲರಿಗೂ ಕೇಳುವ ಹಾಗೆ, "ಮೇಷ್ಟ್ರು ನಿಂತೇ ಇದಾರಲ್ಲ, ಒಂದು ಕುರ್ಚಿ ತಂದ್ಹಾಕ್ರೋ" ಎಂದರು. ಅಂದಿನಿಂದ ಅವರು ಎಲ್ಲರಿಗೂ ಮೇಷ್ಟ್ರಾದರು. ಕುರ್ಚಿಯ ತುದಿಯಲ್ಲಿ, ಈಗಲೇ ಏಳಬೇಕು ಎನ್ನುವ ಹಾಗೆ ಕೂರುತ್ತಿದ್ದರು... ಇದು ದಿನಚರಿಯಲ್ಲಿದೆ. ಆಗಸ್ಟ್ ಕೊನೆಯಲ್ಲಿ ಪ್ರತಿ ಮನೆಗೂ ಎರಡೆರಡು ಕುಂಡದಂತೆ ಸೇವಂತಿಗೆ ಕಡ್ಡಿಗಳನ್ನು ನೆಡಿಸಿದರು. ಸಂಕ್ರಾಂತಿಯ ಹೊತ್ತಿಗೆ ಬಡಾವಣೆಯದೇ ಒಂದು ಹೂವಿನ ಪ್ರದರ್ಶನ ನಡೆಸುವುದು, ಅದರ ಮೂವರು ತೀರ್ಪುಗಾರರಲ್ಲಿ ಮೇಷ್ಟ್ರೂ ಒಬ್ಬರಾಗುವುದು ಎಂದು ಸಂಘದಲ್ಲಿ ನಿಶ್ಚಯವಾಯಿತು.

ಈ ಸುದ್ದಿಯನ್ನು ಅವರಿಗೆ ಹೇಳಿದವನು ನಾನೇ. ಅವರು, ಮೂವತ್ತು ವರ್ಷ ಪ್ರದರ್ಶನಗಳಲ್ಲಿ ಕುಂಡ ಹೊತ್ತು ತಂದಿಟ್ಟು, ಹಗ್ಗದಾಚೆ ನಿಲ್ಲುತ್ತಿದ್ದೆ ಎಂದರು. ಬಹುಮಾನ ಬರೆಯುವವರು ಬಂದಾಗ ಮಾಲಿಗಳು ಹಗ್ಗದಾಚೆ ಹೋಗಬೇಕಂತೆ. "ಯಾವ ಗಿಡಕ್ಕೆ ಬರ್ಬೇಕು ಅಂತ ನಮಗೆ ಗೊತ್ತಿರೋದು. ಅವ್ರು ಇನ್ಯಾವ್ದಕ್ಕೋ ಬರೆಯೋರು. ನಾವು ನಮ್ಮಲ್ಲೇ ನಗೋದು." ಆಮೇಲೆ ಕೇಳಿದರು: "ಬಹುಮಾನದ ಚೀಟಿ ಮೇಲೆ ರುಜು ಹಾಕ್ಬೇಕಲ್ವಾ ಸ್ವಾಮಿ?"

ಹೀಗೆ ನಾನು ಅವರಿಗೆ ರುಜು ಹಾಕುವುದನ್ನು ಕಲಿಸಿದೆ. ತರಗತಿ ಮುಗಿದ ಮೇಲೆ ಸಂಪಿಗೆ ಮರದ ಕೆಳಗೆ ಮಣ್ಣು ಸಮ ಮಾಡಿ, ಕಡ್ಡಿಯಿಂದ ತಮ್ಮ ಹೆಸರನ್ನು ಬರೆಯುತ್ತಿದ್ದರು. ಇಪ್ಪತ್ತೆರಡು ವರ್ಷದ ನನಗೆ ಇದರಿಂದ ಎಷ್ಟು ಹೆಮ್ಮೆಯಾಗಿತ್ತು ಎಂದರೆ, ದಿನಚರಿಯ ಎರಡು ಪುಟ ಅದಕ್ಕೇ ಹೋಗಿದೆ. ಅವರು ನನಗೆ ಕಲಿಸಿದ್ದರ ಬಗ್ಗೆ ಅರ್ಧ ಪುಟವೂ ಇಲ್ಲ.

ಅಕ್ಟೋಬರಿನ ಒಂದು ಭಾನುವಾರ ಬೆಳಗಿನಿಂದಲೇ ಮಳೆ. ತರಗತಿಗೆ ಯಾರೂ ಬರಲಿಲ್ಲ. ಗೋಣಿಚೀಲವನ್ನು ಕೊಪ್ಪೆ ಮಾಡಿ ಹೊದ್ದುಕೊಂಡು ಅವರೊಬ್ಬರು ಬಂದಿದ್ದರು. ಸೇವಂತಿಗೆ ಮೊಗ್ಗು ಕಚ್ಚುವ ಹೊತ್ತಿಗೆ ಗೊಬ್ಬರ ಕೊಡುವ ಪಾಠ ಅಂದು ಆಗಬೇಕಿತ್ತು, ಇನ್ನೊಂದು ವಾರ ತಡೆಯುವ ಹಾಗಿರಲಿಲ್ಲ. ಚೀಟಿಯಲ್ಲೇ ಬರೆದು ಕಳಿಸೋಣ ಎಂದೆ. ಸಂಘದ ವರಾಂಡದಲ್ಲಿ ಕುಳಿತು ಅವರು ಹೇಳಿದರು, ನಾನು ಬರೆದುಕೊಂಡೆ. ಹಿಂಡಿಯನ್ನು ಹತ್ತು ದಿನ ಕೊಳೆಸಿ ತಿಳಿನೀರು ಮಾತ್ರ ಬಗ್ಗಿಸಬೇಕು. ಅದರ ಜೊತೆಗೆ ಅಮೋನಿಯಂ ಸಲ್ಫೇಟು. ಅವರು ಅದನ್ನು ಉಪ್ಪುಗೊಬ್ಬರ ಎನ್ನುತ್ತಿದ್ದರು. ಸೊಂಟದಿಂದ ಒಂದು ಖಾಲಿ ನಶ್ಯದ ಡಬ್ಬಿ ತೆಗೆದು ತೋರಿಸಿದರು. ಬಳಸಿ ಬಳಸಿ ಬಣ್ಣ ಹೋದ ಪುಟ್ಟ ತಗಡಿನ ಡಬ್ಬಿ. "ಒಂದು ಬಕೆಟ್ ನೀರಿಗೆ ಇದ್ರಲ್ಲಿ ಒಂದು. ತಲೆ ಸವರಿದ ಹಂಗೆ, ಗೋಪುರ ಕಟ್ಟಬಾರ್ದು. ಅದೂ ಮಣ್ಣು ಒದ್ದೆ ಇದ್ದಾಗ."

ಮನೆಗೆ ಬಂದು ಸ್ಟೆನ್ಸಿಲ್ಲಿಗೆ ಕೊಡುವ ಪ್ರತಿ ಬರೆಯಲು ಕುಳಿತೆ. ಬಹಳ ವರ್ಷ ನಾನು ನನಗೇ ಹೇಳಿಕೊಂಡು ಬಂದದ್ದು, ಆಗ ಕೈತಪ್ಪಾಯಿತು ಎಂದು. ಆದರೆ ಆ ಕರಡು ಹಾಳೆ ದಿನಚರಿಯೊಳಗೇ ಇದೆ. ನಿನ್ನೆ ನೋಡಿದೆ. 'ಒಂದು ನಶ್ಯದ ಡಬ್ಬಿ' ಎಂದು ಸ್ಪಷ್ಟವಾಗಿ ಬರೆದು, ಅದರ ಮೇಲೆ ಅಷ್ಟೇ ಸ್ಪಷ್ಟವಾಗಿ ಗೆರೆ ಎಳೆದು, ಪಕ್ಕದಲ್ಲಿ 'ನಾಲ್ಕು ಔನ್ಸು' ಎಂದು ಬರೆದಿದ್ದೇನೆ. ನಶ್ಯದ ಡಬ್ಬಿ ಎಂದು ಬರೆದ ಚೀಟಿಯ ಮೇಲೆ ಬಿ.ಎಸ್ಸಿ. ಓದಿದವನ ಹೆಸರಿರುವುದು ನನಗೆ ನಾಚಿಕೆಯೆನಿಸಿರಬೇಕು. ಆ ಡಬ್ಬಿಯಲ್ಲಿ ಅರ್ಧ ಔನ್ಸೂ ಹಿಡಿಯುತ್ತಿತ್ತೋ ಇಲ್ಲವೋ. ಕೇಳಿದ್ದರೆ ಡಬ್ಬಿ ಕೊಡುತ್ತಿದ್ದರು, ಕಾಲೇಜಿನಲ್ಲಿ ತಕ್ಕಡಿ ಇತ್ತು, ತೂಗಬಹುದಿತ್ತು. ತೂಗಲಿಲ್ಲ. ಪುಸ್ತಕದಲ್ಲಿ ಎಕರೆಗೆ ಕೊಟ್ಟಿದ್ದ ಲೆಕ್ಕವನ್ನು ಭಾಗಿಸಿ, ಅಂದಾಜು ಸೇರಿಸಿ, ನಾಲ್ಕು ಎಂದು ನಿರ್ಧರಿಸಿದೆ. ಇಷ್ಟು ಚಿಕ್ಕ ಡಬ್ಬಿಯಿಂದ ಏನಾದೀತು, ಬಡವರ ಕೈ, ಹಿಡಿದು ಹಿಡಿದು ಹಾಕಿ ಅಭ್ಯಾಸ ಎಂದು ಯೋಚಿಸಿದ್ದೂ ನೆನಪಿದೆ. ಇದು ದಿನಚರಿಯಲ್ಲಿಲ್ಲ. ಇದನ್ನು ನಾನು ಕಲ್ಪಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು...

ಮೂರು ವಾರದ ನಂತರ ಸಂಪಿಗೆ ಮರದ ಕೆಳಗೆ ಕುಂಡಗಳ ಸಾಲೇ ಬಂದು ನಿಂತಿತು. ಎಲೆಗಳ ಅಂಚು ಬೆಂಕಿ ತಗುಲಿದ ಹಾಗೆ ಕಂದಿತ್ತು. ಮೊಗ್ಗುಗಳು ಮುಟ್ಟಿದರೆ ಉದುರುತ್ತಿದ್ದವು. ಮೇಷ್ಟ್ರು ಕುರ್ಚಿಯಲ್ಲಿ ಕೂರಲಿಲ್ಲ. ಒಂದು ಕುಂಡದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಚಿಟಿಕೆ ಮಣ್ಣು ತೆಗೆದು ನಾಲಗೆಯ ತುದಿಗೆ ಇಟ್ಟುಕೊಂಡರು.

"ಉಪ್ಪುಗೊಬ್ಬರ ಜಾಸ್ತಿ ಆಗೈತೆ ತಾಯಿ."

"ಚೀಟೀಲಿ ಇದ್ದಷ್ಟೇ ಹಾಕಿರೋದು," ಎಂದರು ಮೂಲೆಮನೆ ಅಮ್ಮ. "ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ನೀವೇ ಅಲ್ವೇ ಹೇಳಿ ಬರೆಸಿದ್ದು?"

ಮೇಷ್ಟ್ರು ನನ್ನ ಕಡೆ ತಿರುಗಿದರು. ನಾನು ಒಂದು ಕುಂಡವನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದೆ. "ಹೌದು ತಾಯಿ, ನಾನೇ ಬರೆಸಿದ್ದು" ಎಂದರು ಅವರು. ಹಿಂದಿನಿಂದ ಯಾರೋ, "ಮಾಲಿ ಮಾತು ಕೇಳಿಕೊಂಡು ಕೂತ್ರೆ ಇನ್ನೇನಾಗತ್ತೆ" ಎಂದರು. ಮಾತು ಗಟ್ಟಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಅವರು ನಮ್ಮ ಮನೆಯ ಗೇಟಿನ ಹತ್ತಿರ ಬಂದು ನಿಂತರು. ಯಾರಿಂದಲೋ ಈಸಿಕೊಂಡ ಚೀಟಿ ಕೈಯಲ್ಲಿತ್ತು. ಒಳಗಿನಿಂದ ಅಮ್ಮ, "ಯಾರೋ ಅದು?" ಎಂದು ಕೂಗಿದರು. "ಮಾಲಿ, ಅಮ್ಮ" ಎಂದೆ. ಗೇಟಿನಲ್ಲಿದ್ದ ಅವರಿಗೂ ಕೇಳಿಸಿತು.

"ಬೇಜಾರು ಮಾಡ್ಕೋಬೇಡಿ ಸ್ವಾಮಿ. ಉಪ್ಪುಗೊಬ್ಬರದ ವಿಷಯ ಬರೆದಿರೋ ಜಾಗ ಒಂದು ಸಲ ಓದ್ಬಿಡಿ. ನಿನ್ನೆಯಿಂದ ಒಂದೇ ಯೋಚನೆ ಆಗೋಗಿದೆ."

ಚೀಟಿ ತೆಗೆದುಕೊಂಡೆ. ಆ ಸಾಲು ನನಗೆ ಹುಡುಕದೆಯೇ ಕಂಡಿತು. ಅವರು ಪಕ್ಕಕ್ಕೆ ಬಂದು, ಹೊಸದಾಗಿ ಕಲಿತ ಅಕ್ಷರಗಳ ಆಸೆಯಿಂದ ಹಾಳೆಯ ಮೇಲೆ ಬೆರಳಾಡಿಸಿದರು. ಬೆರಳು 'ನಾಲ್ಕು' ಎಂಬ ಮಾತಿನ ಪಕ್ಕದಲ್ಲೇ ಹಾದುಹೋಯಿತು. ನಾನು ಓದಿದೆ: "ಒಂದು ಬಕೆಟ್ ನೀರಿಗೆ ಒಂದು ನಶ್ಯದ ಡಬ್ಬಿ. ತಲೆ ಸವರಿದಷ್ಟು."

ಎಲ್ಲಿಯೂ ತಡವರಿಸಲಿಲ್ಲ. ಇದಂತೂ ನನಗೆ ಚೆನ್ನಾಗಿ ನೆನಪಿದೆ.

ಅವರು ತಲೆಯಾಡಿಸಿದರು. "ಹಂಗಾದ್ರೆ ನೀವು ಬರೆದಿದ್ದೂ ಸರಿ, ಅಮ್ಮಾವ್ರುಗಳು ಹಾಕಿದ್ದೂ ಸರಿ. ನನ್ನ ಅಳತೇನೇ ತಪ್ಪು. ದೊಡ್ಡ ತೋಟದ ಮಣ್ಣೇ ಬೇರೆ, ಮನೆ ಕುಂಡದ ಮಣ್ಣೇ ಬೇರೆ ಅಂತ ನಾನು ಯೋಚನೆ ಮಾಡ್ಬೇಕಿತ್ತು." ಚೀಟಿಯನ್ನು ನಾಲ್ಕಾಗಿ ಮಡಿಸಿ ಕೋಟಿನ ಜೇಬಿನಲ್ಲಿಟ್ಟುಕೊಂಡರು. "ಓದಿ ಹೇಳಿದ್ರಲ್ಲ, ದೊಡ್ಡ ಉಪಕಾರ ಆಯ್ತು" ಎಂದು ಕೈಮುಗಿದು ಹೋದರು.

ದಿನಚರಿಯಲ್ಲಿ ಆ ದಿನದ ಪುಟದಲ್ಲಿರುವುದು ಒಂದೇ ಸಾಲು: 'ಬೆಳಿಗ್ಗೆ ಗೊಬ್ಬರದ ವಿಷಯ ಇತ್ಯರ್ಥವಾಯಿತು.'

ಮುಂದಿನ ಒಂದು ತಿಂಗಳು ಅವರು ಮನೆಮನೆಗೆ ಹೋಗಿ, ಕುಂಡಗಳ ಮಣ್ಣು ಬಿಡಿಸಿ, ಬೇರು ತೊಳೆದು, ಹೊಸ ಮಣ್ಣಿಗೆ ನೆಟ್ಟರು. ಯಾರೂ ಕರೆದಿರಲಿಲ್ಲ. ನಮ್ಮ ಮನೆಗೂ ಬಂದರು. ಅಮ್ಮ ಹಿತ್ತಲಿನಿಂದ ಬನ್ನಿ ಎಂದರು, ಹಾಗೇ ಬಂದರು. ಅರ್ಧದಷ್ಟು ಗಿಡ ಉಳಿದವು. ತೀರ್ಪುಗಾರರ ಪಟ್ಟಿಯಿಂದ ಅವರ ಹೆಸರನ್ನು ತೆಗೆದು ಸಂಘದವರು ನನ್ನ ಹೆಸರು ಸೇರಿಸಿದರು. ವಿದ್ಯಾವಂತ ಹುಡುಗ, ವಿಜ್ಞಾನ ಓದಿದವನು ಎಂದರು. ಒಲ್ಲೆ ಎನ್ನಬಹುದಿತ್ತು. ಒಲ್ಲೆ ಎಂದರೆ ಕಾರಣ ಹೇಳಬೇಕಾಗುತ್ತದೆ ಎಂದುಕೊಂಡೆನೋ, ಅಥವಾ ನಿಜವಾಗಿ ನನಗೆ ಆಸೆಯಿತ್ತೋ... ಎರಡೂ ಇದ್ದಿರಬೇಕು.

ಪ್ರದರ್ಶನದ ದಿನ ಅವರೇ ಕುಂಡಗಳನ್ನು ಹೊತ್ತು ತಂದು ಸಾಲಾಗಿ ಜೋಡಿಸಿದರು. ನಾವು ಮೂವರು ತೀರ್ಪುಗಾರರು ಬಂದಾಗ, ಯಾರೂ ಹೇಳದೆಯೇ ಹಗ್ಗದಾಚೆ ಹೋಗಿ ನಿಂತರು. ಹಳದಿ ಸೇವಂತಿಗೆಗಳ ಮುಂದೆ ನಾನು ಎರಡು ಕುಂಡಗಳ ನಡುವೆ ತೀರ್ಮಾನಿಸಲಾಗದೆ ತಲೆಯೆತ್ತಿ ಅವರತ್ತ ನೋಡಿದೆ. ಅವರಿಗೆ ಅರ್ಥವಾಯಿತು. ಎಡಗಡೆಯದು ಎನ್ನುವ ಹಾಗೆ ಗದ್ದವನ್ನು ಸ್ವಲ್ಪ ಎತ್ತಿದರು. ನಾನು ಎಡಗಡೆಯ ಕುಂಡದ ಚೀಟಿಗೆ ಮೊದಲ ಬಹುಮಾನ ಬರೆದು ರುಜು ಹಾಕಿದೆ.

ಆಮೇಲೆ ತರಗತಿ ನಿಂತುಹೋಯಿತು. ನನಗೆ ಕೆಲಸ ಸಿಕ್ಕಿತು. ಏಳೆಂಟು ವರ್ಷಗಳ ನಂತರ ಒಂದು ಬೆಳಿಗ್ಗೆ ಶಂಕರಪುರಂನ ರಸ್ತೆಯಲ್ಲಿ ಹೋಗುತ್ತಿದ್ದಾಗ ಒಂದು ಮನೆಯ ಗಿಡ್ಡ ಕಾಂಪೌಂಡಿನಾಚೆ ಅವರು ಕಂಡರು. ತುಂಬಾ ಇಳಿದುಹೋಗಿದ್ದರು. ಕೈಯಲ್ಲಿ ಗೊಬ್ಬರದ ಪೊಟ್ಟಣ. ಮೆಟ್ಟಿಲ ಮೇಲೆ ನಿಂತಿದ್ದ, ವಯಸ್ಸಿನಲ್ಲಿ ಅವರ ಮಗಳಂತಿದ್ದ ಆ ಮನೆಯಾಕೆಯನ್ನು ಕೇಳುತ್ತಿದ್ದರು:

"ಎಷ್ಟು ಹಾಕ್ಲಿ ತಾಯಿ?"

"ಅಯ್ಯೋ, ನಂಗೇನು ಗೊತ್ತು ತಾತ? ನೀವು ತಾನೆ ಹೇಳ್ಬೇಕು!"

"ಇಲ್ಲ ತಾಯಿ. ನೀವೇ ಒಂದು ಅಳತೆ ಹೇಳ್ಬಿಡಿ. ನನ್ನ ಕೈ ನಂಬಬೇಡಿ."

ಗೇಟು ನನ್ನಿಂದ ಹತ್ತು ಹೆಜ್ಜೆ. ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು: ನಿಮ್ಮ ಕೈ ಸರಿಯಾಗಿತ್ತು. ಆಫೀಸಿಗೆ ಹೊತ್ತಾಗಿತ್ತು. ಮುಂದಿನ ವಾರ ಬಂದು ಹೇಳೋಣ ಎಂದುಕೊಂಡೆ. ಮುಂದಿನ ವಾರ ಆ ರಸ್ತೆಯನ್ನು ಬಿಟ್ಟು ಬೇರೆ ರಸ್ತೆಯಲ್ಲಿ ಹೋದೆ. ಅದೇ ಅಭ್ಯಾಸವಾಯಿತು.

ನಿನ್ನೆ ರಾತ್ರಿ ಊಟವಾದ ಮೇಲೆ ಇದನ್ನು ಹೆಂಡತಿಗೆ ಹೇಳಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಹೇಳಿರಲಿಲ್ಲ. ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಅವರಂತೂ ಈಗ ಇರಲಾರರು, ಮಕ್ಕಳೋ ಮೊಮ್ಮಕ್ಕಳೋ ಇದ್ದೇ ಇರುತ್ತಾರೆ, ಹೋಗಿ ಹೇಳಿ ಬನ್ನಿ ಎಂದಳು.

"ಅವರ ಮನೆ ಎಲ್ಲಿತ್ತು?"

ಆರು ತಿಂಗಳು ಪ್ರತಿ ಭಾನುವಾರ ಅವರು ನಡೆದು ಬರುತ್ತಿದ್ದರು. ಮಳೆಯಲ್ಲೂ ಬಂದಿದ್ದರು. ಎಲ್ಲಿಂದ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಇವತ್ತು ಬೆಳಿಗ್ಗೆ ದಿನಚರಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಹುಡುಕಿದೆ. ಅದರಲ್ಲೂ ಇಲ್ಲ.